ಗಾಳಿಯಲ್ಲಿ ಕರೆದ ಹೆಸರು

ಮಾಳಮಡ್ಡಿಯ ಆ ಹೆಂಚಿನ ಮನೆಯ ಮುಂದೆ ಹಾಯುವವರು ಬೆಳಗಿನ ಹೊತ್ತು ಒಮ್ಮೊಮ್ಮೆ ಕಾಲು ತಡೆದು ನಿಲ್ಲುತ್ತಿದ್ದರು. ಒಳಗೆ ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದಾರೆ ಎಂಬುದು ಓಣಿಗೆಲ್ಲ ಗೊತ್ತು. ಆದರೆ ಪ್ರಾರ್ಥನೆ ಮುಗಿದ ಸ್ವಲ್ಪ ಹೊತ್ತಿಗೆ ಆ ಮನೆಯಿಂದ ಒಂದು ಸಪ್ಪಳವೂ ಹೊರಗೆ ಬರುತ್ತಿರಲಿಲ್ಲ. ಸ್ಟೇಶನ್ನಿನಲ್ಲಿ ಎಂಜಿನ್ನು ಉಗಿ ಬಿಡುವುದು, ಹಿಂದಿನ ಓಣಿಯ ಹಿಟ್ಟಿನ ಗಿರಣಿ ತಿರುಗುವುದು, ಇಷ್ಟೇ ಕೇಳುತ್ತಿತ್ತು.

"ಅಕ್ಕಾರು ಹಾಲಿನ್ಯಾಗ ಏನರೆ ಹಾಕಿ ಕುಡಸ್ತಾರೇನಪಾ?" ಎಂದು ಎದುರಿನ ಕಿರಾಣಿ ಅಂಗಡಿಯ ಗುರುಶಿದ್ದಪ್ಪ ಗಿರಾಕಿಗಳ ಮುಂದೆ ಚೇಷ್ಟೆ ಮಾಡುತ್ತಿದ್ದ. ಹಾಗೆನ್ನುವ ಅವನೇ ತನ್ನ ಮೊಮ್ಮಗ ಈರಣ್ಣನನ್ನು ಅಲ್ಲಿ ಸೇರಿಸಲು ಒಂದು ವರ್ಷ ಮೊದಲೇ ಹೆಸರು ಹಚ್ಚಿ ಕಾದಿದ್ದ.

ಅಕ್ಕಾರು ಎಂದರೆ ಮೃಣಾಲಿನಿ. ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ, ಆಮೇಲೆ ಪುಣೆಯಲ್ಲಿ ಶಿಶುಶಿಕ್ಷಣದ ತರಬೇತಿ ಪಡೆದು ಬಂದವಳು. ೧೯೫೭ರಲ್ಲಿ ತನ್ನ ಮನೆಯ ಪಡಸಾಲೆಯಲ್ಲೇ ಬಾಲಮಂದಿರ ತೆರೆದಾಗ ಬಂದವು ಆರೇಳು ಮಕ್ಕಳು. ನಾಲ್ಕು ವರ್ಷಗಳಲ್ಲಿ ಬೇರೆ ಮನೆ ಹಿಡಿಯಬೇಕಾಯಿತು. ಅವಳ ನಿಯಮ ಸರಳವಾಗಿತ್ತು: ಮಗು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡವರು ಮಾಡಬಾರದು. ಕಪಾಟುಗಳು ಮಕ್ಕಳ ಎದೆಮಟ್ಟಕ್ಕೆ ಇದ್ದವು, ಕಸಬರಿಗೆಗಳು ಗಿಡ್ಡಗಿದ್ದವು, ನೀರು ಸುರುವಿ ಕಲಿಯಲು ಪುಟ್ಟ ಹಿತ್ತಾಳೆ ಗಿಂಡಿಗಳಿದ್ದವು. ಚೆಲ್ಲಿದರೆ ಯಾರೂ ಬೈಯುತ್ತಿರಲಿಲ್ಲ. ಒರೆಸುವ ಅರಿವೆ ಎಲ್ಲಿದೆ ಎಂಬುದು ಚೆಲ್ಲಿದವನಿಗೇ ಗೊತ್ತಿರುತ್ತಿತ್ತು. ವಕೀಲರ ಮಕ್ಕಳೂ ಟಾಂಗಾ ಹೊಡೆಯುವವರ ಮಕ್ಕಳೂ ಒಂದೇ ಜಮಖಾನದ ಮೇಲೆ ಕೂರುತ್ತಿದ್ದರು. ಮೊದಲು ಕೆಲವರು ಅದಕ್ಕೇ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಒಂದೆರಡು ತಿಂಗಳಿಗೆ ಅವರೇ ತಿರುಗಿ ಬಂದರು.

ಊರ ಬಾಯಲ್ಲಿ ಆ ಮಂದಿರದ ಹೆಸರು ನಿಂತದ್ದು ಮಾತ್ರ ಮೌನದಾಟದಿಂದ. ಮಕ್ಕಳೆಲ್ಲ ಕಾಲು ಮಡಚಿ, ಕಣ್ಣು ಮುಚ್ಚಿ ಕೂರುತ್ತಾರೆ. ಮೃಣಾಲಿನಿ ಒಳಕೋಣೆಗೆ ಹೋಗಿ ಪರದೆಯ ಹಿಂದೆ ನಿಲ್ಲುತ್ತಾಳೆ. ಅಲ್ಲಿಂದ ಒಂದೊಂದೇ ಹೆಸರನ್ನು ಪಿಸುದನಿಯಲ್ಲಿ ಕರೆಯುತ್ತಾಳೆ, ಉಸಿರಿಗಿಂತ ತುಸುವೇ ಗಟ್ಟಿಯಾಗಿ. ಹೆಸರು ಕೇಳಿದ ಮಗು ಎದ್ದು, ತುದಿಗಾಲಲ್ಲಿ, ಯಾರಿಗೂ ತಾಗದಂತೆ ಬಂದು ಪರದೆ ಸರಿಸಿ ಒಳಗೆ ಗೋಡೆಗುಂಟ ಕೂರುತ್ತದೆ. ಉಳಿದವರು ತಮ್ಮ ಸರದಿಗೆ ಕಿವಿ ತೆರೆದು ಕಾಯುತ್ತಾರೆ. ಹುಬ್ಬಳ್ಳಿ, ಗದಗುಗಳಿಂದ ಇದನ್ನು ನೋಡಲೆಂದೇ ಶಿಕ್ಷಕರು ಬರುತ್ತಿದ್ದರು. ಮೂರು ವರ್ಷದ ಮಕ್ಕಳು ಹೀಗೆ ಕೂರಬಲ್ಲರು ಎಂಬುದನ್ನು ಕಣ್ಣಾರೆ ಕಂಡರೂ ಅವರಿಗೆ ನಂಬಿಕೆ ಬರುತ್ತಿರಲಿಲ್ಲ.

ದೀಪಾವಳಿ ಸೂಟಿ ಮುಗಿದ ಮೇಲೆ ಗಂಗಪ್ಪ ತನ್ನ ಮಗಳನ್ನು ಕರೆತಂದ. ಅವನು ಸರಕಾರಿ ಕಚೇರಿಯಲ್ಲಿ ಕಾರಕೂನ. ಮುಗದ ಎಂಬ ಹಳ್ಳಿಯಿಂದ ಬಂದು ಓದಿ ನೌಕರಿ ಹಿಡಿದವನು. ಕೆಲವು ವರ್ಷಗಳ ಹಿಂದೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. ಹೆಂಡತಿ ಶೇವಂತೆವ್ವ ಬಾಗಿಲ ಬಳಿಯೇ ನಿಂತಿದ್ದಳು.

"ನಿನ್ನ ಹೆಸರೇನವಾ?" ಎಂದು ಮೃಣಾಲಿನಿ ಮಗುವನ್ನು ಕೇಳಿದಳು.

"ಮುದಕವ್ವ" ಎಂದಿತು ಮಗು, ಕೋಣೆಗೆಲ್ಲ ಕೇಳುವಂತೆ.

ಗಂಗಪ್ಪ ನಾಚಿಕೊಂಡ. "ಅದು ನಮ್ಮವ್ವ ಇಟ್ಟಿದ್ರಿ ಅಕ್ಕಾರ. ಈಕಿಗಿಂತ ಮೊದಲ ಒಂದು ಹೆಣ್ಣ ಹುಟ್ಟಿತ್ತು, ಉಳೀಲಿಲ್ಲ. ಇದರೆ ಉಳದು ಮುದುಕಿ ಆಗ್ಲಿ ಅಂತ ಹಂಗ ಇಟ್ಟಾಳ. ನಾ ಅಂಥಾವೆಲ್ಲಾ ಬಿಟ್ಟೇನ್ರಿ. ನೀವು ಸುಜಾತಾ ಅಂತ ಬರ್ಕೋರ್ರಿ. ಬುದ್ಧಗ ಪಾಯಸ ಉಣಿಸಿದಾಕಿ ಹೆಸರು."

"ಛಲೋ ಹೆಸರು" ಎಂದಳು ಮೃಣಾಲಿನಿ. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಇಷ್ಟು ತಿಳಿವಳಿಕೆಯ ತಂದೆಯರು ವಕೀಲರ ಓಣಿಯಲ್ಲೂ ಕಡಿಮೆ.

"ಹೊಸಾ ಹೆಸರಿಗೆ ಕೂಸು ಓ ಅಂತೈತೇನ್ರಿ?" ಎಂದು ಶೇವಂತೆವ್ವ ಬಾಗಿಲಿಂದಲೇ ಕೇಳಿದಳು.

"ದಿನಾ ಕರದ್ರ ಓ ಅಂತದ. ನೀವೂ ಮನ್ಯಾಗ ಹಂಗ ಕರೀರಿ."

ಶೇವಂತೆವ್ವ ತಲೆಯಾಡಿಸಿದಳು. ಕರೆಯುವವಳಲ್ಲ ಎಂಬುದು ಆ ತಲೆಯಾಟದಲ್ಲೇ ಗೊತ್ತಾಗುತ್ತಿತ್ತು.

ಮೊದಲ ದಿನವೇ ಈರಣ್ಣ ಹೊಸ ಹುಡುಗಿಯ ಸುತ್ತ ಗೂನುಬೆನ್ನು ಮಾಡಿಕೊಂಡು ತಿರುಗಿದ. "ಏ ಮುದುಕಿ, ನಿನ್ನ ಕೋಲ ಎಲ್ಲೈತಿ?"

"ಮನ್ಯಾಗ ಐತಿ. ನಾಳೆ ತಂದು ನಿನ್ನ ಬೆನ್ನಿಗೆ ಕೊಡ್ತೇನಿ" ಎಂದಳು ಮುದಕವ್ವ. ಆಯಾ ರತ್ನವ್ವ ನಗುತ್ತ ಹಾಲಿನ ಪಾತ್ರೆಯನ್ನೇ ಚೆಲ್ಲುವುದರಲ್ಲಿದ್ದಳು. ಹಾಗಿತ್ತು ಆ ಹುಡುಗಿ. ಗಿಂಡಿಯ ನೀರನ್ನು ಎಲ್ಲರಿಗಿಂತ ಎತ್ತರದಿಂದ ಸುರುವುತ್ತಿದ್ದಳು, ಚೆಲ್ಲಿದರೆ ತಾನೇ ಮೊದಲು ನಗುತ್ತಿದ್ದಳು.

ಆ ಹಳೆಯ ಹೆಸರನ್ನು ಮಂದಿರದಲ್ಲಿ ಯಾರೂ ಬಳಸಬಾರದೆಂದು ಮೃಣಾಲಿನಿ ಎಲ್ಲರಿಗೂ ಹೇಳಿದಳು. ಮೌನದಾಟದಲ್ಲಿ ಪರದೆಯ ಹಿಂದಿನಿಂದ "ಸುಜಾತಾ" ಎಂದು ಕರೆದಳು. ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮುದಕವ್ವ ಅಲುಗಲಿಲ್ಲ. ಅದು ತನ್ನನ್ನೆಂದು ಅವಳಿಗೆ ಹೊಳೆಯಲೇ ಇಲ್ಲ. ಕೊನೆಗೆ ಖಾಲಿ ಜಮಖಾನದ ಮೇಲೆ ಅವಳೊಬ್ಬಳೇ ಉಳಿದಳು. ಮೃಣಾಲಿನಿ ಹೊರಗೆ ಬಂದು ಕೈಹಿಡಿದು ಕರೆದೊಯ್ದಳು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಮೃಣಾಲಿನಿ ಬೇಸರಪಡಲಿಲ್ಲ. ಒಂದು ಸದ್ದಿಗೂ ಒಂದು ಮಗುವಿಗೂ ಸಂಬಂಧ ಹುಟ್ಟಲು ಅದನ್ನು ಮತ್ತೆ ಮತ್ತೆ, ಒಂದೇ ರೀತಿಯಲ್ಲಿ, ಒಂದೇ ಹೊತ್ತಿಗೆ ಕೊಡಬೇಕು ಎಂದು ಅವಳು ಕಲಿತಿದ್ದಳು. ಹಾಗೆಯೇ ಕೊಡುತ್ತ ಹೋದಳು.

ಅವಳು ಮೊದಲು ಗಮನಿಸಿದ್ದು ಮೊಣಕಾಲುಗಳನ್ನು.

ಕರೆಸಿಕೊಂಡ ಮಗು ಸಾಲುಗಳ ನಡುವೆ ಬರುವಾಗ ದಾರಿಯಲ್ಲಿ ಕೂತವರು ಕಣ್ಣು ತೆರೆಯದೆಯೇ ಮೊಣಕಾಲನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಬರುವವರ ಲಂಗ ತಾಗುತ್ತದೆ, ನೆಲ ತುಸು ಅದುರುತ್ತದೆ, ಅಷ್ಟು ಸಾಕು. ಒಂದು ದಿನ "ಸುಜಾತಾ" ಎಂದು ಕರೆದು, ಮುದಕವ್ವನ ಮುಖವನ್ನು ನೋಡೋಣವೆಂದು ಪರದೆಯ ಅಂಚಿನಿಂದ ಇಣುಕಿದಾಗ ಅವಳು ಕಂಡಳು: ಹಿಂದಿನ ಸಾಲಿನಲ್ಲಿ, ಬಿಸಿಲು ಬೀಳುವ ಕಿಟಕಿಯ ಮೂಲೆಯಲ್ಲಿ, ಒಂದು ಮಗು ಮೊಣಕಾಲು ಎಳೆದುಕೊಂಡಿತು. ಅದರ ಮುಂದಿನದು ಎಳೆದುಕೊಂಡಿತು. ಆಮೇಲೆ ಅದರ ಮುಂದಿನದು. ಎಲ್ಲರ ಕಣ್ಣೂ ಮುಚ್ಚಿದ್ದವು. ಮುದಕವ್ವ ಮೊದಲ ಸಾಲಿನಲ್ಲಿ ಇದ್ದಲ್ಲೇ ಇದ್ದಳು. ದಾರಿ ಒಂದೊಂದೇ ಮಗುವಿನಷ್ಟು ತೆರೆದುಕೊಳ್ಳುತ್ತ ಪರದೆಯವರೆಗೆ ಬಂದು ನಿಂತಿತು. ಪರದೆ ಅಲುಗಲಿಲ್ಲ.

ಒಳಗೆ ಗೋಡೆಗುಂಟ ಕೂತ ಮಕ್ಕಳ ಸಾಲಿನಲ್ಲಿ ಒಬ್ಬರು ಕೂರುವಷ್ಟು ತೆರಪಿತ್ತು.

"ಯಾಕ್ರೆ, ಸರದು ಕೂಡ್ರಿ" ಎಂದಳು ಮೃಣಾಲಿನಿ.

"ಅಲ್ಲಿ ಸುಜಾತಾ ಕುಂತಾಳ್ರಿ ಅಕ್ಕಾರ" ಎಂದಳು ಶಮೀಮ. ಟಾಂಗಾ ಹೊಡೆಯುವವನ ಮಗಳು. ಮಾತಿನಲ್ಲಿ ಎಲ್ಲರಿಗಿಂತ ಮುಂದು.

"ಸುಜಾತಾ ಹೊರಗ ಕೂತಾಳಲ್ಲ?"

ಶಮೀಮ ಪರದೆ ಸರಿಸಿ ನೋಡಿದಳು. ದೊಡ್ಡವರಿಗೆ ತಿಳಿಸಿ ಹೇಳಬೇಕಲ್ಲ ಎಂಬ ತಾಳ್ಮೆಯಿಂದ, "ಆಕಿ ಮುದಕವ್ವರೀ" ಎಂದಳು.

ಸಂಜೆ ಚಹಾ ಕುಡಿಯುವಾಗ ಮೃಣಾಲಿನಿ ಇದನ್ನು ಗಂಡನಿಗೆ ಹೇಳಿದಳು. ರಮಾಕಾಂತ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ.

"ಅಂದ್ರ ನಿನ್ನ ಮಂದಿರದಾಗ ಅರ್ಜಿ ಇಲ್ಲದ ಒಂದು ಅಡ್ಮಿಶನ್ ಆಗೇದ ಅನ್ನು."

"ನಗಬ್ಯಾಡ್ರಿ. ಹುಡುಗರು ಕೂಡಿ ಹೂಡಿದ ಆಟ ಇರಬೇಕು. ಆದ್ರ ಕಣ್ಣು ಮುಚ್ಚಿಕೊಂಡು, ಅದೂ ಹಿಂದಿಂದ ಮುಂದಕ್ಕ ಒಬ್ಬೊಬ್ಬರ..."

"ಹಂಗಾದ್ರ ಇನ್ನೊಂದು ಇಲ್ಲದ ಹೆಸರು ಕರದು ನೋಡು. ಆಟ ಇದ್ರ ಅದಕ್ಕೂ ಆಡ್ತಾರ."

ಮರುದಿನ ಅವಳು ನಡುವೆ "ವಸುಧಾ" ಎಂದು ಕರೆದಳು. ಆ ಹೆಸರಿನವರು ಮಂದಿರದಲ್ಲಿ ಯಾರೂ ಇರಲಿಲ್ಲ. ಒಂದು ಮೊಣಕಾಲೂ ಅಲುಗಲಿಲ್ಲ, ಈರಣ್ಣ ಕಿಸಕ್ಕೆಂದ. ಸ್ವಲ್ಪ ತಡೆದು "ಸುಜಾತಾ" ಎಂದಳು. ಕಿಟಕಿಯ ಮೂಲೆಯಿಂದ ದಾರಿ ಬಿಟ್ಟುಕೊಂಡು ಬಂತು. ಆಮೇಲಿನ ದಿನಗಳಲ್ಲಿ ಮಕ್ಕಳ ಜಾಗ ಬದಲಿಸಿದಳು, ಹೆಸರುಗಳ ಸರದಿ ಬದಲಿಸಿದಳು, ಸಾಲುಗಳನ್ನು ಅಡ್ಡ ತಿರುಗಿಸಿದಳು. ಯಾರು ಎಲ್ಲೇ ಕೂತರೂ ದಾರಿ ಆರಂಭವಾಗುತ್ತಿದ್ದುದು ಅದೇ ಮೂಲೆಯಿಂದ.

ಇದನ್ನು ಕೇಳಿದ ರಮಾಕಾಂತ ಈ ಸಲ ನಗಲಿಲ್ಲ. "ಆ ಹೆಸರು ಕರಿಯೂದು ಬಿಡು" ಎಂದ.

"ಬಿಟ್ರ ಆ ಹುಡುಗಿ ತನ್ನ ಹೆಸರು ಕಲಿಯೂದು ಹೆಂಗ? ಅವರಪ್ಪ ಎಷ್ಟು ಆಸೆಯಿಂದ ಇಟ್ಟಾನ."

ಹೆದರಿಕೆಗಿಂತ ಆ ಹೊತ್ತಿಗೆ ಅವಳಲ್ಲಿ ಕುತೂಹಲವೇ ಹೆಚ್ಚಾಗಿತ್ತು. ಅದಕ್ಕೇ ಇನ್ನೊಂದು ಬದಲಾವಣೆ ಅವಳ ಕಣ್ಣಿಗೆ ತಡವಾಗಿ ಬಿತ್ತು. ಮುದಕವ್ವ ಈಗ ನಗುತ್ತಿರಲಿಲ್ಲ. ಗಿಂಡಿಗಳ ಕಡೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಬಂದವಳು ಜಮಖಾನದ ಮೇಲೆ ಕೂತು ಕಣ್ಣು ಮುಚ್ಚಿಬಿಡುತ್ತಿದ್ದಳು, ಆಟ ಇನ್ನೂ ಶುರುವಾಗದಿದ್ದರೂ. ರತ್ನವ್ವ ಹಾಲು ಹಂಚಿದಾಗ ಗೋಡೆಗುಂಟಿದ್ದ ತೆರಪಿನ ಮುಂದೆ ಒಂದು ಲೋಟ ತುಂಬಿ ಇರುತ್ತಿತ್ತು, ಕೆನೆ ಕಟ್ಟುತ್ತ. ಮುದಕವ್ವನ ಮುಂದೆ ಏನೂ ಇರುತ್ತಿರಲಿಲ್ಲ.

"ರತ್ನವ್ವ, ಈಕಿಗೆ?"

"ಎಲ್ಲಾರಿಗೂ ಕೊಟ್ಟೇನ್ರಿ ಅಕ್ಕಾರ" ಎಂದಳು ರತ್ನವ್ವ. ಆಮೇಲೆ ಮುದಕವ್ವನನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. "ಅಯ್ಯ ನನ್ನ ಕಣ್ಣಿಗೇನಾಗೇತಿ!"

ಒಂದು ದಿನ ಈರಣ್ಣ ಓಡಿಬಂದು ಮುದಕವ್ವನ ತೊಡೆಯ ಮೇಲೇ ಕೂತುಬಿಟ್ಟ.

"ಏಯ್, ಆಕಿ ಮ್ಯಾಲೆ ಕೂತೀಯಲ್ಲೋ!" ಎಂದಳು ಮೃಣಾಲಿನಿ.

ಅವನು ಅತ್ತಿತ್ತ ನೋಡಿದ. ಮುಖದಲ್ಲಿ ಚೇಷ್ಟೆ ಇರಲಿಲ್ಲ. "ಇಲ್ಲಿ ಯಾರೂ ಇಲ್ಲಲ್ರಿ ಅಕ್ಕಾರ" ಎಂದ. ಮುದಕವ್ವ ಅವನನ್ನು ದೂಡಲಿಲ್ಲ. ಕಿಟಕಿಯ ಮೂಲೆಯನ್ನೇ ನೋಡುತ್ತಿದ್ದಳು.

ಮೃಣಾಲಿನಿ ಅಂದು ತನ್ನ ನಿಯಮವನ್ನು ತಾನೇ ಮುರಿದು, ಹತ್ತಿರ ಕೂತು, "ಮುದಕವ್ವ" ಎಂದಳು. ಹುಡುಗಿ ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಆ ಮಗು ಸ್ವಲ್ಪ ಸರಿದು ದಾರಿ ಬಿಟ್ಟಿತು.

ಅಂದಿನಿಂದ ಮೃಣಾಲಿನಿ ಮೌನದಾಟದಲ್ಲಿ ಸುಜಾತಾ ಎಂಬ ಹೆಸರನ್ನು ಕೈಬಿಟ್ಟಳು. ಅದರಿಂದ ಏನೂ ಬದಲಾಗಲಿಲ್ಲ. ಅವಳು ಕರೆಯದಿದ್ದರೂ, ಆ ಹೆಸರು ಬರಬೇಕಾದ ಹೊತ್ತಿಗೆ ಮೊಣಕಾಲುಗಳು ಒಂದೊಂದೇ ಸರಿಯುತ್ತಿದ್ದವು.

ಒಂದು ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಮೃಣಾಲಿನಿ ಎಂದಿನಂತೆ ಕೋಣೆಗಳಲ್ಲಿ ತಿರುಗಾಡಿ, ಕಿಟಕಿ ಹಾಕಿ, ಬಾಗಿಲಿಗೆ ಕೀಲಿ ಹಾಕಿಕೊಂಡು ಕಟ್ಟೆಗೆ ಬಂದಳು. ರತ್ನವ್ವ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಶೇವಂತೆವ್ವ ಬಿರಬಿರನೆ ಬಂದಳು.

"ತಡಾ ಆತ್ರಿ ಅಕ್ಕಾರ. ಎಲ್ಲಿ ಹುಡುಗಿ?"

"ಇವತ್ತ ಬಂದಿಲ್ಲಲ್ಲ ಆಕಿ" ಎಂದಳು ಮೃಣಾಲಿನಿ.

ಶೇವಂತೆವ್ವ ರತ್ನವ್ವನತ್ತ ನೋಡಿದಳು. "ಮುಂಜಾನೆ ರತ್ನವ್ವನ ಕೈಯಾಗ ಕೊಟ್ಟ ಹೋಗೇನ್ರಿ. ಏನ ರತ್ನವ್ವ?"

ರತ್ನವ್ವನ ಕೈಯಲ್ಲಿ ಎಲೆ ಅಲ್ಲೇ ನಿಂತಿತು. ಮೃಣಾಲಿನಿ ಕೀಲಿ ತೆಗೆದಳು.

ಖಾಲಿ ಜಮಖಾನದ ನಡುವೆ ಮುದಕವ್ವ ಕಾಲು ಮಡಚಿ, ಕಣ್ಣು ಮುಚ್ಚಿ ಕೂತಿದ್ದಳು. ಅವಳ ಪಕ್ಕದಿಂದಲೇ ಹಾದು ಮೃಣಾಲಿನಿ ಕಿಟಕಿ ಮುಚ್ಚಿದ್ದಳು. ಇಷ್ಟು ಹತ್ತಿರದಿಂದ. ಬಾಗಿಲು ತೆರೆದ ಸದ್ದಿಗೂ ಆ ಮಗು ಕಣ್ಣು ಬಿಡಲಿಲ್ಲ. ಕರೆಯುವವರೆಗೆ ಏಳಬಾರದು ಎಂಬುದನ್ನು ಅವಳಿಗೆ ಚೆನ್ನಾಗಿ ಕಲಿಸಿದ್ದರು.

ಶೇವಂತೆವ್ವ ಮಗಳನ್ನು ಬಾಚಿ ಎದೆಗೊತ್ತಿಕೊಂಡಳು. ಅಳಲಿಲ್ಲ. ಅಲ್ಲೇ ಕೂತು, ಸುತ್ತ ನೋಡಿ, "ಇಲ್ಲಿ ಏನ ಮಾಡ್ತೀರ್ರಿ ನೀವು? ಖರೇ ಹೇಳ್ರಿ" ಎಂದಳು.

ಮೃಣಾಲಿನಿ ಎಲ್ಲವನ್ನೂ ಹೇಳಿದಳು. ಪರದೆ, ಪಿಸುದನಿ, ಮೊಣಕಾಲು, ತೆರಪು. ಪ್ರಯೋಗ ವಿವರಿಸಿದಂತೆ ಒಂದನ್ನೂ ಬಿಡದೆ ಹೇಳಿದಳು. ಕಿಟಕಿಯ ಮೂಲೆಯ ಮಾತು ಬಂದಾಗ ಶೇವಂತೆವ್ವ ಅತ್ತ ನೋಡಿದಳು.

"ನಮ್ಮ ಮೊದಲಿನಾಕಿಗೆ ಹೆಸರ ಇಟ್ಟಿದ್ದಿಲ್ರಿ" ಎಂದಳು ಕೊನೆಗೆ. "ತೊಟ್ಟಲಕ್ಕ ಹಾಕೂ ಮುಂಜಾನೆ ಹೋತು. ತೊಟ್ಟಲಾ ಕಟ್ಟಿತ್ತು, ಗುಗ್ಗರಿ ಕುದಿಯಾಕತ್ತಿತ್ತು. ನಮ್ಮ ನಾದಿನಿ ಕಿವ್ಯಾಗ ಕುರ್ ಅಂತ ಹೆಸರ ಹೇಳಾಕ ಅಂತನ ಊರಿಂದ ಬಂದಿದ್ಲು. ಹೇಳಲಾರದ ಹೊಳ್ಳಿ ಹೋದ್ಲು. ಹೆಸರ ಇಲ್ಲದ ಕೂಸು ಕರದ್ರ ಹೆಂಗ ಬರಬೇಕ್ರಿ, ಹೋಗಂದ್ರ ಹೆಂಗ ಹೋಗಬೇಕು? ಅಲ್ಲೇ ಎಲ್ಯರೆ ಇರ್ತೈತಿ."

ಮೃಣಾಲಿನಿ ಕಿಟಕಿಯ ಮೂಲೆಯತ್ತ ತಿರುಗಿದಳು.

"ಹೆಸರ ಕಿವ್ಯಾಗ ಹೇಳೂದ್ರಿ ಅಕ್ಕಾರ. ನೀವು ಗಾಳ್ಯಾಗ ಹೇಳೀರಿ. ಅದೂ ದಿನಾ. ಯಾರದೂ ಅಲ್ಲದ ಹೆಸರ ಕರದ್ರ, ಹೆಸರ ಇಲ್ಲದಾಕಿ ತನ್ನದು ಅಂತ ತಗೊಂಡಾಳ. ಬಂದಾಳ. ಈಗ ಈಕಿಗೆ ಜಾಗಾ ಇಲ್ಲ." ಅವಳು ಮಗಳ ತಲೆಯ ಮೇಲೆ ಗದ್ದ ಊರಿದಳು. "ಒಂದನ್ನ ಕಳಕೊಂಡೇನಿ. ಇದನ್ನ ಬಿಡಾಕಿ ಅಲ್ಲ ನಾ."

"ಏನು ಮಾಡಬೇಕು ಹೇಳ್ರಿ."

"ಆಕಿದು ಆಕಿಗೆ ಕಿವ್ಯಾಗ ಹೇಳಿ ಕೊಡ್ರಿ. ಈಕಿದು ಈಕಿಗೆ ಬಿಡ್ರಿ."

ಮರುದಿನ ಬೆಳಿಗ್ಗೆ ಮೂವರೂ ಒಟ್ಟಿಗೆ ಬಂದರು. ಗಂಗಪ್ಪ ಕಚೇರಿಗೆ ರಜೆ ಹಾಕಿದ್ದ. ಮೃಣಾಲಿನಿ ಅವನ ಮಾತಿಗೆ ಸಿದ್ಧಳಾಗಿದ್ದಳು. ಇಂಥದ್ದನ್ನೆಲ್ಲ ಬಿಟ್ಟು ಬಂದವನು, ಆ ಹೆಸರನ್ನು ಆರಿಸಿ ತಂದವನು.

"ನಾ ಬ್ಯಾಡ ಅನ್ನಬೇಕಂತನ ಇದ್ದೆ" ಎಂದ ಗಂಗಪ್ಪ, ಚಪ್ಪಲಿ ಬಿಡುತ್ತ. "ನಿನ್ನೆ ಸಂಜೀಕ ಎರಡ ತಾಟು ಹಾಕ್ಕೊಂಡು ಉಂಡ ಎದ್ವಿರಿ, ನಾನೂ ಈಕಿನೂ. ಉಂಡು ಕೈ ತೊಳ್ಕೊಂಡ್ವಿ. ಹುಡುಗಿ ಅಲ್ಲೇ ನಮ್ಮ ಎದುರಿಗೆ ಕುಂತಿತ್ತು. ಆಮ್ಯಾಲ ನಮ್ಮ ಕಣ್ಣಿಗೆ ಬಿತ್ರಿ." ಶೇವಂತೆವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಹಿಂದಿನ ದಿನ ಕಾಣದಿದ್ದ ಹೆದರಿಕೆ ಈಗ ಅವಳ ಮುಖದಲ್ಲಿತ್ತು.

"ನಿಮ್ಮ ತಂಗಿ?" ಎಂದು ಕೇಳಿದಳು ಮೃಣಾಲಿನಿ. "ಸೋದರತ್ತಿ ಹೇಳಬೇಕಲ್ಲ?"

"ಆಕಿ ತೀರಿಕೊಂಡು ಎರಡ ವರ್ಷ ಆತ್ರಿ."

"ನೀವು ಕರದೀರಿ. ನೀವಽ ಅತ್ತಿ ಆಗ್ರಿ" ಎಂದಳು ಶೇವಂತೆವ್ವ.

ಗಂಗಪ್ಪ ತಲೆ ಎತ್ತಿ ಮೃಣಾಲಿನಿಯನ್ನು ನೋಡಿದ. ಅವಳ ಮನೆತನದಲ್ಲಿ ತನ್ನಂಥವರ ಮಗುವಿಗೆ ಯಾರೂ ಎಂದೂ ಅತ್ತೆಯಾದದ್ದಿಲ್ಲ. "ಆಗಲಿ" ಎಂದಳು ಅವಳು.

ಆಟ ಶುರುವಾಯಿತು. ಮುದಕವ್ವ ಮೊದಲ ಸಾಲಿನಲ್ಲಿ. ಮೃಣಾಲಿನಿ ಪರದೆಯ ಹಿಂದೆ. ಅವಳ ಬಳಿ ಶೇವಂತೆವ್ವ. ಗಂಗಪ್ಪ ಒಳಬಾಗಿಲಿಗೆ ಆತುಕೊಂಡು ನಿಂತಿದ್ದ. ಹೆಸರುಗಳು ಒಂದೊಂದಾಗಿ ಹೋದವು, ಮಕ್ಕಳು ಒಬ್ಬೊಬ್ಬರಾಗಿ ಬಂದರು. "ಸುಜಾತಾ" ಎಂದಳು ಮೃಣಾಲಿನಿ, ಅದೇ ದನಿಯಲ್ಲಿ. ಪರದೆಯ ಅಂಚಿನಿಂದ ಶೇವಂತೆವ್ವ ನೋಡಿದಳು: ಮೂಲೆಯ ಮಗು ಮೊಣಕಾಲು ಎಳೆದುಕೊಂಡಿತು, ಆಮೇಲೆ ಅದರ ಮುಂದಿನದು. ಶೇವಂತೆವ್ವನ ಕೈ ತಾನಾಗಿ ಮುಂದಕ್ಕೆ ಚಾಚಿತು. ದಾರಿ ಹತ್ತಿರ ಬಂತು. ಅವಳು ಅಷ್ಟೇ ಮೆಲ್ಲಗೆ ಪರದೆಯನ್ನು ಸರಿಸಿ ಹಿಡಿದಳು, ಒಳಗೆ ಬರುವವರಿಗೆ ಹಿಡಿಯುವಂತೆ.

ಗೋಡೆಗುಂಟ ಕೂತ ಮಕ್ಕಳು ಸರಿದು ಜಾಗ ಬಿಟ್ಟರು.

ಮೃಣಾಲಿನಿ ಆ ತೆರಪಿನ ಮುಂದೆ ಮೊಣಕಾಲೂರಿದಳು. ಯಾವ ಎತ್ತರಕ್ಕೆ ಬಾಗಬೇಕೆಂದು ತಿಳಿಯದೆ ಮುದಕವ್ವನಷ್ಟೇ ಎತ್ತರವೆಂಬ ಅಂದಾಜಿನಲ್ಲಿ ತಲೆ ತಗ್ಗಿಸಿದಳು.

"ಅಲ್ಲಲ್ಲರಿ, ಅದು ಹೆಗಲಾ" ಎಂದು ಶಮೀಮ ಪಿಸುಗುಟ್ಟಿದಳು. "ಇನ್ನಾ ಮ್ಯಾಲೆ."

ಮೃಣಾಲಿನಿ ಒಂದು ಗೇಣು ಮೇಲೆ ಸರಿದಳು. ಹೌದು, ಬದುಕಿದ್ದರೆ ಇಷ್ಟು ಬೆಳೆದಿರಬೇಕಿತ್ತು. ಕೈಯನ್ನು ಬಾಯಿಗೆ ಮರೆ ಹಿಡಿದು, "ಕುರ್‌ರ್" ಎಂದಳು. ಆಮೇಲೆ ಹೆಸರು ಹೇಳಿದಳು.

ಖಾಲಿ ಜಾಗದಲ್ಲಿ ಬಿಟ್ಟ ಉಸಿರು ಹರಡಿಹೋಗುತ್ತದೆ. ಅವಳದು ಹರಡಲಿಲ್ಲ. ತುಟಿಯಿಂದ ಎರಡು ಬೆರಳಿನಷ್ಟು ದೂರದಲ್ಲಿ ಏನಕ್ಕೋ ತಾಗಿ, ಬೆಚ್ಚಗಾಗಿ, ಅವಳ ತುಟಿಗೇ ಮರಳಿತು. ಇದನ್ನು ಆಮೇಲೆ ರಮಾಕಾಂತನಿಗೆ ಹೇಳುವಾಗ ಅವಳು ಒಂದು ಪದವನ್ನೂ ಹೆಚ್ಚು ಕಡಿಮೆ ಮಾಡಲಿಲ್ಲ. ಅವನೂ ಕಾರಣ ಕೇಳಲಿಲ್ಲ.

ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಗುದ್ದಬೇಕು ಎಂಬುದು ತೊಟ್ಟಿಲು ಶಾಸ್ತ್ರ ನೋಡಿದ ಎಲ್ಲ ಮಕ್ಕಳಿಗೂ ಗೊತ್ತು. ಈರಣ್ಣ ಮೊದಲು ಹಾರಿದ. ಹಿಂದೆಯೇ ಉಳಿದವರೂ ಬಂದು ನಗುತ್ತ, ಕಿರುಚುತ್ತ ಅಕ್ಕಾರ ಬೆನ್ನಿಗೆ ಗುದ್ದತೊಡಗಿದರು. ಮೌನದಾಟ ಹಾಗೆ ಮುರಿದದ್ದು ಮಂದಿರದ ಇತಿಹಾಸದಲ್ಲಿ ಅದೇ ಮೊದಲು.

ಆ ಗದ್ದಲದ ನಡುವೆ ಶೇವಂತೆವ್ವ ಪರದೆಯ ಹಿಂದೆ ನಿಂತು, ಗಟ್ಟಿಯಾಗಿ ಅಲ್ಲ, ಮನೆಯಲ್ಲಿ ಕರೆಯುವ ದನಿಯಲ್ಲಿ, "ಮುದಕವ್ವಾ" ಎಂದಳು.

ಏನೂ ಆಗಲಿಲ್ಲ. ಗಂಗಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಮುದಕವ್ವಾ. ಬಾರವಾ."

ಹೊರಗೆ ಯಾರೋ ಎಡವಿ ಬಿದ್ದ ಸದ್ದಾಯಿತು. "ಏ ಮುದುಕಿ! ನೋಡಿ ನಡಿ, ನನ್ನ ಕಾಲ ತುಳದಿ!" ಎಂದು ಒಬ್ಬ ಹುಡುಗ ಕೂಗಿದ. "ನೀ ಯಾಕ ಚಾಚೀದಿ?" ಎಂದು ಮುದಕವ್ವ ಅದಕ್ಕಿಂತ ಜೋರಾಗಿ ಕೂಗಿ, ಪರದೆಗೆ ಸಿಕ್ಕಿಕೊಂಡು, ಅದನ್ನು ಹರಿಯುವಂತೆ ಜಗ್ಗುತ್ತ ಒಳಗೆ ಬಂದಳು. "ಹಸದೈತಿ ಬೇ ಯವ್ವಾ" ಎಂದಳು.

ರತ್ನವ್ವ ಹಾಲಿನ ಪಾತ್ರೆಯನ್ನೇ ಎತ್ತಿಕೊಂಡು ಓಡಿ ಬಂದಳು. ಗಂಗಪ್ಪ ಗೋಡೆಯ ಕಡೆ ತಿರುಗಿ ಕರ್ಚೀಫಿನಿಂದ ಮುಖ ಒರೆಸಿಕೊಂಡ. ಮಗಳು ಎರಡನೇ ಲೋಟ ಮುಗಿಸಿದ ಮೇಲೆ ಮೃಣಾಲಿನಿಯ ಬಳಿ ಬಂದು, "ಮುದಕವ್ವ ಅಂತನ ಇರ್ಲಿರಿ" ಎಂದ. "ದೊಡ್ಡಾಕಿ ಹೆಸರು ದೊಡ್ಡಾಕಿಗೆ."

ಬೇಗ ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಅವರು ಹೊರಟರು. ಮೃಣಾಲಿನಿ ಕಟ್ಟೆಯವರೆಗೆ ಬಂದಳು. ಬಿಸಿಲು ಚೆನ್ನಾಗಿ ಏರಿತ್ತು. ಗಂಗಪ್ಪ ಸೈಕಲ್ ತಿರುಗಿಸಿ, ಮಗಳನ್ನು ಮುಂದೆ ಕೂರಿಸಿಕೊಳ್ಳಲು ಕೈ ಚಾಚಿದ.

"ನೀವು ಮುಂದ ನಡೀರಿ. ನಾವು ನಡಕೋತ ಬರ್ತೀವಿ" ಎಂದಳು ಶೇವಂತೆವ್ವ.

ಮುದಕವ್ವ ತಾಯಿಯ ಕಂಕುಳಲ್ಲಿದ್ದಳು. ಶೇವಂತೆವ್ವನ ಇನ್ನೊಂದು ಕೈ ಕೆಳಗೆ ಇಳಿದಿತ್ತು, ಆದರೆ ಇಳಿಬಿಟ್ಟಂತೆ ಇರಲಿಲ್ಲ. ಬೆರಳುಗಳು ಏನನ್ನೋ ಸುತ್ತಿ ಮಡಚಿದ್ದವು. ಗಂಗಪ್ಪ ಆ ಕೈಯನ್ನು ನೋಡಿದ. ಸೈಕಲ್ಲನ್ನು ದೂಡಿಕೊಂಡು ಅವರ ಜೊತೆಗೇ ನಡೆಯತೊಡಗಿದ. ಶೇವಂತೆವ್ವ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದಳು, ಸಣ್ಣ ಕಾಲುಗಳಿಗೆ ಹೊಂದಿಸಿಕೊಂಡು. ಮುದಕವ್ವ ತಾಯಿಯ ಹೆಗಲ ಮೇಲಿಂದ ಬಾಗಿ, ಕೆಳಗೆ ನೋಡುತ್ತ, ಬಾಯಿತುಂಬ ಏನೋ ಹೇಳುತ್ತಿದ್ದಳು. ನಡುನಡುವೆ ಉತ್ತರಕ್ಕೆ ಕಾಯುತ್ತಿದ್ದಳು.

ಸ್ಟೇಶನ್ ಕಡೆಯಿಂದ ಒಂದು ಟಾಂಗಾ ಓಡಿಬಂತು. ಶೇವಂತೆವ್ವ ಸಟ್ಟನೆ ಆ ಕೈಯನ್ನು ತನ್ನತ್ತ ಎಳೆದುಕೊಂಡು, ರಸ್ತೆಯ ಅಂಚಿಗೆ ಸರಿದು, ಸೀರೆಯ ನಿರಿಗೆಗೆ ಒತ್ತಿ ಹಿಡಿದಳು. ಟಾಂಗಾ ದಾಟಿ ಹೋಗಿ, ಧೂಳು ಇಳಿದ ಮೇಲೂ ಅವಳು ಹಿಡಿದ ಕೈಯನ್ನು ಬಿಡಲಿಲ್ಲ.